ಒಣ ಕಸ ಒಣಗಿಯೇ ಇರಬೇಕು: ಕರಾವಳಿಯ ಕ್ಲೀನಿಂಗ್ ಉದ್ಯಮಕ್ಕೆ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ, ಶಿರಸಿಯಂಥ ಊರುಗಳಲ್ಲಿ ಮನೆ, ಹೋಂಸ್ಟೇ, ಲಾಡ್ಜ್, ಕಚೇರಿ ಶುಚಿಗೊಳಿಸುವ ಸಣ್ಣ ಉದ್ಯಮ ನಡೆಸುವವರಿಗಾಗಿ ಇದನ್ನು ಬರೆದಿದೆ. ನಾಲ್ಕರಿಂದ ಹತ್ತು ಜನ ಕೆಲಸಗಾರರು, ಒಂದು ಗೂಡ್ಸ್ ಆಟೋ, ಸಾಮಾನು ಇಡಲು ಒಂದು ಶೆಡ್ ಇದೆ ಎಂದುಕೊಂಡಿದ್ದೇವೆ. ಪರಿಸರಸ್ನೇಹಿ ಕ್ಲೀನಿಂಗ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ದೊಡ್ಡ ನಗರಗಳನ್ನು ಕಣ್ಣಮುಂದೆ ಇಟ್ಟುಕೊಂಡವು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದೂ ಒಣಗುವುದಿಲ್ಲ, ಮನೆಗೊಂದು ಬಾವಿ, ಮನೆಗೊಂದು ಸೆಪ್ಟಿಕ್ ಟ್ಯಾಂಕ್, ಗಟಾರದ ನೀರು ನೇರ ಹೊಳೆಗೋ ಸಮುದ್ರಕ್ಕೋ ಸೇರುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಮೂರೇ: ಎಷ್ಟು ಅಳೆದು ಹಾಕಿದಿರಿ, ಕೊಳೆನೀರನ್ನು ಎಲ್ಲಿ ಚೆಲ್ಲಿದಿರಿ, ಕಸವನ್ನು ಮಳೆಯಿಂದ ಹೇಗೆ ಕಾಪಾಡಿದಿರಿ.

ಮೊದಲು ಒಂದು ವಾರ ತೂಗಿ ನೋಡಿ

ಏನನ್ನೂ ಬದಲಿಸುವ ಮುನ್ನ ಏಳು ದಿನ ಲೆಕ್ಕ ಬರೆಯಿರಿ. 50 ಕೆ.ಜಿ. ತೂಗುವ ಕೊಕ್ಕೆ ತಕ್ಕಡಿ ಸಾಕು, ಅದನ್ನು ಶೆಡ್ಡಿನ ಬಾಗಿಲ ಚೌಕಟ್ಟಿಗೇ ನೇತುಹಾಕಿ. ದಿನದ ಕೊನೆಗೆ ಬರೆಯಬೇಕಾದದ್ದು ಇಷ್ಟು: ಶುಚಿಗೊಳಿಸಿದ ಕೋಣೆಗಳ ಸಂಖ್ಯೆ, ಖರ್ಚಾದ ದ್ರಾವಣಗಳ ಅಳತೆ (ಕ್ಯಾನಿನಲ್ಲಿ ಎಷ್ಟು ಇಳಿಯಿತು ಎಂದು ಮಾರ್ಕರ್‌ನಿಂದ ಗೆರೆ ಎಳೆದು ನೋಡಿ), ತಂದ ಒಣ ಕಸ, ಹಸಿ ಕಸ, ಎಸೆದ ಬಟ್ಟೆ, ಕೈಗವಸು, ಖಾಲಿ ಬಾಟಲಿಗಳ ಎಣಿಕೆ. ಗಿರಾಕಿಗಳ ಕಸವನ್ನು ನೀವು ಹೊರುವುದಿಲ್ಲ ಎಂದಾದರೆ ನಿಮ್ಮದೇ ಕಸದ ಲೆಕ್ಕ ಮಾತ್ರ ಇರಲಿ.

ವಾರ ಕಳೆದ ಮೇಲೆ ಪುಸ್ತಕ ಬಿಡಿಸಿದರೆ ದುಡ್ಡು ಎಲ್ಲಿ ಸೋರುತ್ತಿದೆ ಎಂಬುದು ಕಾಣುತ್ತದೆ. ಸಾಮಾನ್ಯವಾಗಿ ಅದು ದ್ರಾವಣದಲ್ಲಿ. ಮರುಬಳಕೆಗೆ ಮೊದಲು ಅಲ್ಲಿ ಕೈಹಾಕುವುದು ಜಾಣತನ, ಏಕೆಂದರೆ ಕೊಳ್ಳದ ಬಾಟಲಿಯನ್ನು ವಿಂಗಡಿಸುವ ಕೆಲಸವೇ ಇರುವುದಿಲ್ಲ.

ದ್ರಾವಣ: ಅಂದಾಜು ಬಿಡಿ, ಅಳತೆ ಹಿಡಿಯಿರಿ

ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ತಯಾರು ಕ್ಲೀನರ್‌ನಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರಿಗೆ ಲಾರಿ ಬಾಡಿಗೆ ಕೊಟ್ಟು ಘಟ್ಟ ದಾಟಿಸಿ ತರಿಸುವ ಬದಲು 5 ಲೀಟರಿನ ಕಾನ್ಸಂಟ್ರೇಟ್ (ನೀರು ಬೆರೆಸಿ ಬಳಸುವ ಗಟ್ಟಿ ದ್ರಾವಣ) ಕ್ಯಾನ್ ತನ್ನಿ. ಲೀಟರಿಗೆ 10 ಮಿ.ಲೀ. ಎಂಬ ಅಳತೆಯ ನೆಲದ ಕ್ಲೀನರ್ ಆದರೆ ಒಂದು ಕ್ಯಾನಿನಿಂದ 500 ಲೀಟರ್ ಸಿದ್ಧ ದ್ರಾವಣ ಬರುತ್ತದೆ. ಖಾಲಿಯಾಗುವುದು ಒಂದೇ ಕ್ಯಾನ್.

ಆದರೆ ಕಾನ್ಸಂಟ್ರೇಟ್ ಕೊಂಡವರಲ್ಲಿ ಅನೇಕರಿಗೆ ಉಳಿತಾಯ ಕಾಣುವುದಿಲ್ಲ, ಕಾರಣ ಸುರಿಯುವ ಕೈ. ಕ್ಯಾನನ್ನು ಬಗ್ಗಿಸಿ ಬಕೆಟ್ಟಿಗೆ ಗಳಗಳ ಹೊಯ್ದರೆ ಅಳತೆ ಎರಡು ಪಟ್ಟಾಗಲು ಕ್ಷಣ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಶುಚಿ ಎಂಬುದು ತಪ್ಪು. ಹೆಚ್ಚಾದ ಸೋಪು ನೆಲದ ಮೇಲೆ ಅಂಟು ಪದರವಾಗಿ ಉಳಿಯುತ್ತದೆ, ಧೂಳು ಅದಕ್ಕೇ ಕೂರುತ್ತದೆ, ಹೆಜ್ಜೆ ಗುರುತು ಬೀಳುತ್ತದೆ, ಗಿರಾಕಿ ಮರುದಿನವೇ ಫೋನ್ ಮಾಡುತ್ತಾರೆ. ಅಂಥ ನೆಲಕ್ಕೆ ಮತ್ತಷ್ಟು ಕ್ಲೀನರ್ ಹಾಕಬೇಡಿ, ಎರಡು ಸಲ ಬರೀ ಬಿಸಿ ನೀರಿನಿಂದ ಒರೆಸಿ.

ಅಳತೆಯ ವ್ಯವಸ್ಥೆ ಹೀಗಿರಲಿ:

1. ಪ್ರತಿ ಕ್ಯಾನಿಗೆ ಕೈಪಂಪು ಜೋಡಿಸಿ. ಒಂದು ಒತ್ತಿಗೆ ಎಷ್ಟು ಬರುತ್ತದೆ ಎಂದು ಔಷಧಿ ಲೋಟದಲ್ಲಿ ಹತ್ತು ಸಲ ಒತ್ತಿ ಅಳೆದು ಸರಾಸರಿ ತೆಗೆಯಿರಿ. ‘5 ಲೀಟರ್ ನೀರಿಗೆ ಎರಡು ಒತ್ತು’ ಎಂಬಂತೆ ಕ್ಯಾನಿನ ಮೇಲೆ ದೊಡ್ಡದಾಗಿ ಬರೆಯಿರಿ.
2. ಬಕೆಟ್ಟಿನ ಒಳಗೆ 5 ಲೀಟರಿಗೆ ಒಂದು ಗೆರೆ, 8 ಲೀಟರಿಗೆ ಒಂದು ಗೆರೆ ಎಳೆಯಿರಿ. ನೀರು ಮೊದಲು, ಕ್ಲೀನರ್ ನಂತರ. ತಿರುಗಾಮುರುಗಾ ಮಾಡಿದರೆ ಬರೀ ನೊರೆ.
3. ಸ್ಪ್ರೇ ಬಾಟಲಿಗಳೆಲ್ಲ ಒಂದೇ 28 ಮಿ.ಮೀ. ಕುತ್ತಿಗೆಯವು ಇರಲಿ. ಬಾಟಲಿ ವರ್ಷಗಟ್ಟಲೆ ಬಾಳುತ್ತದೆ, ಮೊದಲು ಕೆಡುವುದು ಮೇಲಿನ ಟ್ರಿಗರ್. ಕುತ್ತಿಗೆ ಒಂದೇ ಅಳತೆಯದಾದರೆ ಬಿಡಿ ಟ್ರಿಗರ್ ಬದಲಿಸಿ ಮುಂದುವರಿಯಬಹುದು. ಪ್ಲಾಸ್ಟಿಕ್ಕಿನೊಳಗೆ ಲೋಹದ ಸ್ಪ್ರಿಂಗ್ ಇರುವುದರಿಂದ ಟ್ರಿಗರನ್ನು ಗುಜರಿಯವರು ಸಾಮಾನ್ಯವಾಗಿ ಮುಟ್ಟುವುದಿಲ್ಲ.
4. ಬಾಟಲಿಯ ಮೇಲೆ ದ್ರಾವಣದ ಹೆಸರು, ಅಳತೆ, ಕಲಸಿದ ದಿನಾಂಕ ಇರಲೇಬೇಕು. ಕುಡಿಯುವ ನೀರಿನ ಬಾಟಲಿಗೆ ಯಾವ ಕಾರಣಕ್ಕೂ ಕ್ಲೀನರ್ ತುಂಬಬೇಡಿ.
5. ಖಾಲಿ ಕ್ಯಾನಿಗೆ ಕಾಲು ಭಾಗ ನೀರು ಹಾಕಿ ಕುಲುಕಿ, ಆ ನೀರನ್ನು ನೆಲ ಒರೆಸುವ ಬಕೆಟ್ಟಿಗೇ ಹೊಯ್ಯಿರಿ. ಹೀಗೆ ಮೂರು ಸಲ. ತೊಳೆದ ನೀರು ವ್ಯರ್ಥವಾಗುವುದಿಲ್ಲ, ಕ್ಯಾನು ಗುಜರಿಗೂ ಯೋಗ್ಯವಾಗುತ್ತದೆ. ಬ್ಲೀಚ್ ಕ್ಯಾನಿನ ತೊಳೆದ ನೀರು ಬ್ಲೀಚ್ ಬಕೆಟ್ಟಿಗೆ ಮಾತ್ರ.

ಬ್ಲೀಚ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮೇಲ್ಮೈಗಳ ಸೋಂಕು ನಿವಾರಣೆಗೆ ಶೇ. 0.1ರ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ಬ್ಲೀಚ್, ಸಾಕು. ಶೇ. 5ರ ದ್ರಾವಣ ಕೊಂಡಿದ್ದರೆ 980 ಮಿ.ಲೀ. ನೀರಿಗೆ 20 ಮಿ.ಲೀ., ಶೇ. 4ರದ್ದಾದರೆ 975ಕ್ಕೆ 25. ಮೊದಲು ಸೋಪು ನೀರಿನಿಂದ ಕೊಳೆ ತೆಗೆದು, ಬರೀ ನೀರಿನಿಂದ ಒರೆಸಿ, ಆಮೇಲೆ ಬ್ಲೀಚ್ ಹಚ್ಚಿ ಹತ್ತು ನಿಮಿಷ ಬಿಡಿ. ಕೊಳೆಯ ಮೇಲೆಯೇ ಸುರಿದರೆ ಕ್ಲೋರಿನ್ ಕೊಳೆಯನ್ನು ಸುಡುವುದರಲ್ಲೇ ಮುಗಿದುಹೋಗುತ್ತದೆ. ಕಲಸಿದ್ದನ್ನು ಅಂದೇ ಬಳಸಿ ಮುಗಿಸಿ. ಮೂಲ ಕ್ಯಾನು ಕೂಡ ಏಪ್ರಿಲ್-ಮೇ ಸೆಕೆಯಲ್ಲಿ ತಗಡಿನ ಶೆಡ್ಡಿನೊಳಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಆರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಳ್ಳುವುದು ಇಲ್ಲಿ ಉಳಿತಾಯವಲ್ಲ.

ಟಾಯ್ಲೆಟ್ ತೊಳೆಯುವ ನೀಲಿ ದ್ರಾವಣಗಳಲ್ಲಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತದೆ. ಅದು ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್, ನಿಂಬೆ, ಸಿಟ್ರಿಕ್ ಆ್ಯಸಿಡ್, ಬಯೋ ಎಂಜೈಮ್ (ಸಿಪ್ಪೆ-ಬೆಲ್ಲ ಹುದುಗಿಸಿದ ಹುಳಿ ನೀರು) ಎಲ್ಲವೂ ಆಮ್ಲಗಳೇ, ನೈಸರ್ಗಿಕ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಮೂತ್ರದ ವಾಸನೆ ಗಟ್ಟಿಯಾಗಿರುವ ಜಾಗದಲ್ಲಿ ಬ್ಲೀಚ್ ಸುರಿದರೆ ಕ್ಲೋರಮೀನ್ ಅನಿಲ ಬರುತ್ತದೆ. ಅಲ್ಲಿ ಮೊದಲು ಸಾಕಷ್ಟು ನೀರು ಹಾಯಿಸಿ. ಒಂದೇ ಬಾತ್‌ರೂಮಿಗೆ ಒಂದು ದಿನ ಆಮ್ಲ, ಇನ್ನೊಂದು ದಿನ ಬ್ಲೀಚ್ ಎಂದು ವಾರದ ಪಟ್ಟಿಯಲ್ಲೇ ಬೇರೆ ಮಾಡಿಬಿಡುವುದು ಸುರಕ್ಷಿತ.

ಕರಾವಳಿಯಲ್ಲಿ ಇನ್ನೊಂದು ಕಾಟ ಇದೆ. ಉಪ್ಪುಗಾಳಿಗೆ ಮೊದಲೇ ಬಳಲಿದ ಸ್ಟೀಲ್ ನಲ್ಲಿ, ಸಿಂಕುಗಳ ಮೇಲೆ ಬ್ಲೀಚ್ ಉಳಿದರೆ ಸೂಜಿಮೊನೆಯಷ್ಟು ಚಿಕ್ಕ ಕುಳಿಗಳಾಗಿ ತುಕ್ಕು ಕಾಣಿಸುತ್ತದೆ. ಅಲ್ಲಿ ಸೋಪು ನೀರು ಸಾಕು. ಬ್ಲೀಚ್ ಹಾಕಲೇಬೇಕಾದರೆ ಹತ್ತು ನಿಮಿಷದ ಮೇಲೆ ಚೆನ್ನಾಗಿ ತೊಳೆದು ಒಣಬಟ್ಟೆಯಿಂದ ಒರೆಸಿ. ಸಮುದ್ರಕ್ಕೆ ಮುಖ ಮಾಡಿದ ಕಿಟಕಿ ಗಾಜಿನ ಮೇಲಿನ ಮಬ್ಬು ಉಪ್ಪಿನ ಪದರ. ನೇರ ಸ್ಪ್ರೇ ಹೊಡೆದು ಉಜ್ಜಿದರೆ ಗೆರೆಗೆರೆ ಹರಡುತ್ತದಷ್ಟೆ. ಮೊದಲು ಒದ್ದೆ ಬಟ್ಟೆಯಿಂದ ಉಪ್ಪು ತೆಗೆದು, ಆಮೇಲೆ ಗಾಜಿನ ಕೆಲಸಕ್ಕೆ ಕೈ ಹಾಕಿ.

ಸ್ಥಳೀಯವಾಗಿ ಮಾಡಿಕೊಳ್ಳುವ ಕ್ಲೀನರ್‌ಗಳು, ಅವುಗಳ ಮಿತಿ

ಬಯೋ ಎಂಜೈಮ್ ಮಾಡುವ ಅಳತೆ 1:3:10. 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿಗೆ 1 ಕೆ.ಜಿ. ಬೆಲ್ಲ, 3 ಕೆ.ಜಿ. ನಿಂಬೆ-ಮೂಸಂಬಿ ಸಿಪ್ಪೆ, 10 ಲೀಟರ್ ನೀರು. ಮೇಲೆ ಕಾಲು ಭಾಗ ಖಾಲಿ ಉಳಿಯಲಿ. ಗಾಜಿನ ಭರಣಿ ಬೇಡ, ಅನಿಲ ಕಟ್ಟಿ ಒಡೆಯುತ್ತದೆ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಎರಡನೆಯ ತಿಂಗಳಿಂದ ವಾರಕ್ಕೊಮ್ಮೆ ಸಾಕು. ಮೂರು ತಿಂಗಳ ಮೇಲೆ ಎರಡು ಸಲ ಬಟ್ಟೆಯಲ್ಲಿ ಸೋಸಿ. ಒಂದೇ ಸಲ ಸೋಸಿದ್ದು ಸ್ಪ್ರೇ ಬಾಟಲಿಯ ಬಾಯಿ ಕಟ್ಟುತ್ತದೆ. ಸಿಪ್ಪೆಯನ್ನು ಜ್ಯೂಸ್ ಅಂಗಡಿಯವರು ಕೊಡುತ್ತಾರೆ, ಬನವಾಸಿ-ಶಿರಸಿ ಕಡೆಯವರಿಗೆ ಅನಾನಸ್ ಸಿಪ್ಪೆಗೆ ಕೊರತೆಯಿಲ್ಲ, ಅದೂ ಆಗುತ್ತದೆ. ಬೆಲ್ಲಕ್ಕೂ ಹೊಸದು ಬೇಕಿಲ್ಲ, ಡಬ್ಬಿಯಲ್ಲಿ ಹುಳಿಬಂದ ಜೋನಿಬೆಲ್ಲ (ದ್ರವರೂಪದ ಬೆಲ್ಲ) ಇದ್ದರೆ ಇದಕ್ಕೇ ಸೈ.

ಮೇಲೆ ಬಿಳಿ ಕೆನೆಯಂಥ ಪದರ ಬಂದರೆ ಹೆದರಬೇಡಿ. ಕಪ್ಪು ಬೂಷ್ಟು ಬಂದರೆ ಒಂದು ಹಿಡಿ ಬೆಲ್ಲ ಹಾಕಿ ಕದಡಿ, ಸಿಪ್ಪೆಗಳನ್ನು ನೀರೊಳಗೆ ಒತ್ತಿ. ಕೊಳೆತ ವಾಸನೆಯೇ ಬಂದರೆ ಗೊಬ್ಬರದ ಡ್ರಮ್ಮಿಗೆ ಸುರಿದು ಹೊಸದಾಗಿ ಶುರು ಮಾಡಿ.

ಹೆಸರು ದೊಡ್ಡದಾದರೂ ಇದು ಮುಖ್ಯವಾಗಿ ಸಿಪ್ಪೆಯ ಎಣ್ಣೆಯಂಶ ಸೇರಿದ, ವಿನೆಗರ್ ತರಹದ ಹುಳಿ ನೀರು. ಲೀಟರಿಗೆ 30–50 ಮಿ.ಲೀ. ಹಾಕಿದರೆ ಟೈಲ್ಸ್ ನೆಲಕ್ಕೆ, ಗ್ರಾನೈಟ್ ಕಟ್ಟೆಗೆ, ಸಿಂಕಿನ ವಾಸನೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸೋಂಕುನಿವಾರಕ ಎಂದು ನಂಬಿ ರೋಗಿಯ ಕೋಣೆಗೋ ಕ್ಲಿನಿಕ್ಕಿಗೋ ಒಯ್ಯಬೇಡಿ, ಅದನ್ನು ನಂಬಿ ಬ್ಲೀಚ್ ಕೈಬಿಟ್ಟರೆ ತಪ್ಪು ನಿಮ್ಮದು.

ಅಂಟುವಾಳ: ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಗಂಟೆ ಕುದಿಸಿ, ಕಿವುಚಿ ಸೋಸಿ. ಮರದ ಬಾಗಿಲು, ಕುರ್ಚಿ, ಮೃದು ಬಟ್ಟೆಗೆ ಒಳ್ಳೆಯದು. ಎರಡು ಮೂರು ದಿನದಲ್ಲಿ ಹಳಸುತ್ತದೆ, ಬೇಕಾದಷ್ಟೇ ಮಾಡಿ. ಹಿತ್ತಾಳೆ, ತಾಮ್ರಕ್ಕೆ ಹುಣಸೆಹುಳಿ, ಬಿಂಬುಳಿ ಯಾವುದಾದರೂ ಸರಿ. ಉಜ್ಜಿದ ತಕ್ಷಣ ತೊಳೆದು ಒರೆಸದಿದ್ದರೆ ಹಸಿರು ಕಲೆ ಮತ್ತೆ ಏಳುತ್ತದೆ.

ನಲ್ಲಿ, ಶವರಿನ ಬಿಳಿ ಕರೆಗೆ ಸಿಟ್ರಿಕ್ ಆ್ಯಸಿಡ್ ಪುಡಿ ಲೀಟರಿಗೆ 50 ಗ್ರಾಂ, ಹದಿನೈದು ನಿಮಿಷ. ಬ್ರ್ಯಾಂಡೆಡ್ ಸ್ಪ್ರೇ ಮಾಡುವ ಕೆಲಸವನ್ನೇ ಈ ಪುಡಿ ಮಾಡುತ್ತದೆ, ಬರುವುದು ಒಂದು ಚಿಕ್ಕ ಪೊಟ್ಟಣದಲ್ಲಿ. ವಿನೆಗರ್ ಮತ್ತು ಅಡುಗೆ ಸೋಡಾ ಕಲಸಿ ಬಾಟಲಿಗೆ ತುಂಬಿಡುವ ಜನಪ್ರಿಯ ಸಲಹೆಯನ್ನು ಮಾತ್ರ ಮರೆತುಬಿಡಿ. ಎರಡೂ ಒಂದನ್ನೊಂದು ತಟಸ್ಥ ಮಾಡಿ ಉಳಿಯುವುದು ಉಪ್ಪುನೀರಿನಂಥದ್ದು. ಬುಸಬುಸ ಎನ್ನುವುದು ನೋಡಲಿಕ್ಕೆ ಚಂದ, ಅಷ್ಟೆ.

ಹುಳಿ ಯಾವ ನೆಲಕ್ಕೆ ಆಗದು ಎಂಬುದು ಈ ಜಿಲ್ಲೆಯಲ್ಲಿ ಗೊತ್ತಿರಲೇಬೇಕು. ಮಾರ್ಬಲ್, ಕಡಪಾ ಕಲ್ಲು, ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ, ಸುಣ್ಣದ ಗಾರೆ, ಕಾವಿ ಚಿತ್ತಾರದ ಗೋಡೆ, ಇವೆಲ್ಲದರಲ್ಲಿ ಸುಣ್ಣದಂಶ ಇದೆ, ಹುಳಿ ಅದನ್ನು ತಿನ್ನುತ್ತದೆ. ಸಂಶಯ ಬಂದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಐದು ನಿಮಿಷ ನೋಡಿ. ಗುಳ್ಳೆ ಬಂದರೆ ಅಥವಾ ಒರೆಸಿದ ಮೇಲೆ ಹೊಳಪು ಮಾಸಿದ್ದರೆ ಅಲ್ಲಿಗೆ ಹುಳಿ ಬೇಡ, ತೆಳು ಸೋಪು ನೀರು ಸಾಕು.

ಬಟ್ಟೆ, ಪೊರಕೆ, ಉಜ್ಜುವ ನಾರು

ಲಾಡ್ಜುಗಳು ಕೈಬಿಡುವ ಹತ್ತಿ ಬೆಡ್‌ಶೀಟುಗಳೇ ನಿಮ್ಮ ಬಟ್ಟೆ ಭಂಡಾರ. 150×225 ಸೆಂ.ಮೀ. ಸಿಂಗಲ್ ಶೀಟಿನಿಂದ 40 ಸೆಂ.ಮೀ. ಚೌಕದ 15 ತುಂಡು ಸಿಗುತ್ತವೆ. ಅಂಚು ಮಡಿಚಿ ಹೊಲಿಸಿ, ಇಲ್ಲದಿದ್ದರೆ ನೂಲು ಬಿಟ್ಟು ಗಾಜಿಗೆಲ್ಲ ಅಂಟುತ್ತದೆ. ಅರ್ಧ ಪಾಲಿಯೆಸ್ಟರ್ ಇರುವ ಶೀಟು ನೀರು ಹೀರುವುದಿಲ್ಲ, ಒಂದು ಹನಿ ನೀರು ಬಿಟ್ಟು ಪರೀಕ್ಷಿಸಿಯೇ ತನ್ನಿ.

ಮೈಕ್ರೋಫೈಬರ್ ಬಟ್ಟೆ ಕಡಿಮೆ ನೀರಿನಲ್ಲಿ, ಬಹುಪಾಲು ಕ್ಲೀನರ್ ಇಲ್ಲದೆಯೇ ಧೂಳು ಹಿಡಿಯುತ್ತದೆ. ಆದರೆ ಅದೂ ಪ್ಲಾಸ್ಟಿಕ್ಕೇ, ಒಗೆದಾಗೊಮ್ಮೆ ಎಳೆ ಬಿಡುತ್ತದೆ. ಹಾಗಾಗಿ ಗಾಜು, ಕನ್ನಡಿ, ಧೂಳಿನ ಕೆಲಸಕ್ಕೆ ಮೈಕ್ರೋಫೈಬರ್, ಒದ್ದೆ ಕೆಲಸಕ್ಕೆಲ್ಲ ಹತ್ತಿ ಎಂದು ಹಂಚಿಕೊಳ್ಳುವುದು ನಮಗೆ ಸರಿಕಾಣುತ್ತದೆ. ಮೈಕ್ರೋಫೈಬರಿಗೆ ಬ್ಲೀಚ್ ಬೇಡ, ಕಂಫರ್ಟ್ ತರಹದ ಮೆದುಕಾರಕವೂ ಬೇಡ. ಎಳೆಗಳ ಸಂದಿ ಮುಚ್ಚಿ ಬಟ್ಟೆ ಬರೀ ಜಾರುತ್ತದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಎಂಟು ಮುಖವನ್ನೂ ಬಳಸಿದ ಮೇಲೆ ಬದಲಿಸಿ. ಟಾಯ್ಲೆಟ್ಟಿಗೆ ಕೆಂಪು, ಬೇಸಿನ್ನಿಗೆ ಹಳದಿ, ಅಡುಗೆಮನೆಗೆ ಹಸಿರು, ಉಳಿದದ್ದಕ್ಕೆ ನೀಲಿ.

ಮಳೆಗಾಲದಲ್ಲಿ ಕೆಲಸ ಕೆಡಿಸುವುದು ಒಣಗದ ಮಾಪು. ಒದ್ದೆ ಮಾಪು ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆಂದರೆ ಬೆಳಿಗ್ಗೆ ಆ ವಾಸನೆಯನ್ನೇ ಗಿರಾಕಿಯ ಮನೆಗೆ ಬಳಿಯುತ್ತೀರಿ. ಬೇಸಿಗೆಯಲ್ಲಿ ಮೂರು ಜೊತೆ ಬಟ್ಟೆ ಸಾಕು, ಜೂನ್‌ನಿಂದ ನಾಲ್ಕು ಬೇಕು. ಒಗೆದ ಮೇಲೆ ಸ್ಪಿನ್ನರ್‌ನಲ್ಲಿ ಹಿಂಡಿ, ಗಾಳಿಯಾಡುವಂತೆ ಬಿಡಿಬಿಡಿಯಾಗಿ ನೇತುಹಾಕಿ, ಕೆಳಗಿನಿಂದ ಫ್ಯಾನ್ ಬಿಡಿ. ಶಿರಸಿ ಕಡೆ ಬಚ್ಚಲ ಒಲೆಯ ಮೇಲಿನ ಅಟ್ಟ ಇದಕ್ಕೆ ಹೇಳಿಮಾಡಿಸಿದ ಜಾಗ, ಆದರೆ ಹತ್ತಿ ಬಟ್ಟೆಗೆ ಮಾತ್ರ. ಮೈಕ್ರೋಫೈಬರ್ ಶಾಖಕ್ಕೆ ಕರಗುತ್ತದೆ.

ಹಸಿರು ನೈಲಾನ್ ಸ್ಕ್ರಬ್ಬರ್ ಸವೆದಷ್ಟೂ ಪ್ಲಾಸ್ಟಿಕ್ ಪುಡಿಯಾಗಿ ಗಟಾರಕ್ಕೆ ಹೋಗುತ್ತದೆ. ಪಾತ್ರೆ, ಬಕೆಟ್, ಒರಟು ನೆಲಕ್ಕೆ ತೆಂಗಿನ ನಾರು, ನಯವಾದದ್ದಕ್ಕೆ ಬಲಿತು ಒಣಗಿದ ಹೀರೆಕಾಯಿ ನಾರು ಬಳಸಿ. ಅಂಗಳಕ್ಕೆ ತೆಂಗಿನಕಡ್ಡಿ ಪೊರಕೆಗಿಂತ ಒಳ್ಳೆಯದು ಇನ್ನೂ ಬಂದಿಲ್ಲ, ಹಾವಸೆ (ಪಾಚಿ) ಕೆರೆಯಲಿಕ್ಕೂ ಅದೇ. ಹಾವಸೆಗೆ ಬ್ಲೀಚಿಂಗ್ ಪೌಡರ್ ಎರಚುವ ರೂಢಿಯನ್ನು ಬಾವಿ ಇರುವ ಅಂಗಳದಲ್ಲಿ ಬಿಟ್ಟುಬಿಡಿ. ಮಳೆನೀರು ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಕೆರೆದು ತೆಗೆದು, ನಡೆಯುವ ದಾರಿಗೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಿಕೊಳ್ಳಲು ಮನೆಯವರಿಗೆ ಹೇಳಿ. ಹಳಬರ ಉಪಾಯವೇ ಸಾಕು.

ಕೊಳೆನೀರು ಎಲ್ಲಿಗೆ?

ಒರೆಸಿದ ನೀರನ್ನು ಅಂಗಳಕ್ಕೋ ರಸ್ತೆಬದಿ ಗಟಾರಕ್ಕೋ ಚೆಲ್ಲಬೇಡಿ, ಟಾಯ್ಲೆಟ್ಟಿಗೆ ಅಥವಾ ಬಚ್ಚಲ ಮೋರಿಗೆ ಹಾಕಿ. ಮರಳು, ಕೂದಲು ಇದ್ದರೆ ಮೊದಲು ಹಳೆ ಜರಡಿಯಲ್ಲಿ ಸೋಸಿ. ಗೋಕರ್ಣದ ಕಡಲಂಚಿನ ಹೋಂಸ್ಟೇಗಳಲ್ಲಿ ಕಸಕ್ಕಿಂತ ಮರಳೇ ಹೆಚ್ಚು. ಒಣಗಿದ್ದಾಗಲೇ ಗುಡಿಸಿ ಜರಡಿ ಹಿಡಿದು ಮರಳನ್ನು ಅಲ್ಲಿಯೇ ಬಿಟ್ಟರೆ ಪೈಪು ಕಟ್ಟುವುದಿಲ್ಲ, ಕಸದ ತೂಕವೂ ಇಳಿಯುತ್ತದೆ.

ನೀರು ಕಡಿಮೆ ಮಾಡಲು ಎರಡು ಬಕೆಟ್ ಪದ್ಧತಿ ಹಿಡಿಯಿರಿ: ಒಂದರಲ್ಲಿ ದ್ರಾವಣ, ಇನ್ನೊಂದರಲ್ಲಿ ಮಾಪು ತೊಳೆಯುವ ನೀರು. ಕೊಳೆ ಎರಡನೆಯದರಲ್ಲೇ ಉಳಿಯುವುದರಿಂದ ದ್ರಾವಣ ಮೂರು ನಾಲ್ಕು ಕೋಣೆಗೆ ಬಾಳುತ್ತದೆ. ಚಪ್ಪಟೆ ಮಾಪಿನ ಪ್ಯಾಡನ್ನು ಮೊದಲೇ 150–200 ಮಿ.ಲೀ. ದ್ರಾವಣದಲ್ಲಿ ನೆನೆಸಿ ಒಯ್ದರೆ ಬಕೆಟ್ಟೇ ಬೇಡ, ಕೋಣೆಗೊಂದು ಪ್ಯಾಡ್.

ಸೆಪ್ಟಿಕ್ ಟ್ಯಾಂಕ್ ನಡೆಯುವುದು ಬ್ಯಾಕ್ಟೀರಿಯಾಗಳಿಂದ. ದಿನವೂ ಫಿನಾಯಿಲ್, ಆ್ಯಸಿಡ್, ಬ್ಲೀಚ್ ಸುರಿದರೆ ಅವು ಸಾಯುತ್ತವೆ, ಗಟ್ಟಿ ಕೊಳೆ ಕರಗದೆ ಟ್ಯಾಂಕ್ ಬೇಗ ತುಂಬುತ್ತದೆ. ದಿನದ ಕೆಲಸಕ್ಕೆ ಬ್ರಷ್ ಮತ್ತು ಸೋಪು ನೀರು, ವಾರಕ್ಕೊಮ್ಮೆ ಕಮೋಡಿನ ಅಂಚಿನಡಿಗೆ 30–50 ಮಿ.ಲೀ. ಟಾಯ್ಲೆಟ್ ಕ್ಲೀನರ್. ಟ್ಯಾಂಕ್ ತುಂಬಿದೆ, ‘ಒಬ್ಬರನ್ನು ಇಳಿಸಿ ನೋಡಿ’ ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ, ಆಗುವುದಿಲ್ಲ. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಅಪರಾಧ, ಒಳಗಿನ ಅನಿಲ ನಿಮಿಷದಲ್ಲಿ ಕೊಲ್ಲುತ್ತದೆ. ಸಕ್ಕಿಂಗ್ ಯಂತ್ರದ ವಾಹನ ಕರೆಸಲು ಹೇಳಿ.

ವಿಂಗಡಣೆ: ಗಿರಾಕಿಯ ಮನೆಯಲ್ಲೇ ಆಗಬೇಕು

2016ರ ಘನತ್ಯಾಜ್ಯ ನಿಯಮ ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿತು. ಕೆಲಸದ ಅನುಕೂಲಕ್ಕೆ ನಾಲ್ಕು ಚೀಲ ಇಟ್ಟುಕೊಳ್ಳಿ: ಹಸಿ, ಒಣ, ಸ್ಯಾನಿಟರಿ, ಅಪಾಯಕಾರಿ. ಶೆಡ್ಡಿಗೆ ತಂದು ವಿಂಗಡಿಸುತ್ತೇವೆ ಎಂಬ ಯೋಜನೆ ಎಂದೂ ನಡೆಯದು. ಅಷ್ಟರಲ್ಲಿ ಸಾರಿನ ನೀರು ರಟ್ಟಿಗೆ ಇಳಿದಿರುತ್ತದೆ. ‘ಅಕ್ಕಾ, ಮೀನಿನದ್ದು ಮಾತ್ರ ಬೇರೆ ಡಬ್ಬಿಯಲ್ಲಿಡಿ’ ಎಂದು ಮೊದಲ ದಿನವೇ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಸದ ಡಬ್ಬಿಗೆ ಕಪ್ಪು ಪ್ಲಾಸ್ಟಿಕ್ ಚೀಲದ ಬದಲು ಹಸಿ ಕಸಕ್ಕೆ ಎರಡು ಪದರ ಪತ್ರಿಕೆ ಮಡಿಸಿ ಹಾಕಿ, ಒಣ ಕಸಕ್ಕೆ ಒಳಚೀಲವೇ ಬೇಡ. ಕಾಂಪೋಸ್ಟಬಲ್ ಚೀಲ ಕೊಳ್ಳುವುದಾದರೆ ಐಎಸ್ 17088 ಗುರುತು ಇದೆಯೇ ನೋಡಿ. ‘ಬಯೋ’, ‘ಇಕೋ’ ಎಂಬ ಹಸಿರು ಅಕ್ಷರಕ್ಕೆ ಬೆಲೆಯಿಲ್ಲ. ಅಂಥ ಚೀಲ ಒಣ ಪ್ಲಾಸ್ಟಿಕ್ ರಾಶಿಗೆ ಸೇರಬಾರದು, ಸೇರಿದರೆ ಒಳ್ಳೆಯ ಪ್ಲಾಸ್ಟಿಕ್ಕೂ ಕೆಡುತ್ತದೆ.

ಒಣ ಕಸದಲ್ಲಿ ಗುಜರಿಗೆ ಹೋಗುವಂಥದ್ದನ್ನು ಹೀಗೆ ಬೇರೆ ಮಾಡಿ. ನೀರಿನ ಬಾಟಲಿ (ತಳದಲ್ಲಿ 1): ಖಾಲಿ ಮಾಡಿ ತುಳಿದು, ಮುಚ್ಚಳ ಬೇರೆ. ಕ್ಲೀನರ್ ಕ್ಯಾನ್, ಶಾಂಪೂ ಬಾಟಲಿ (2). ಹಾಲಿನ ಪ್ಯಾಕೆಟ್, ತೆಳು ಕವರ್ (4). ಊಟದ ಡಬ್ಬಿ, ಮುಚ್ಚಳ (5). ಅಂಕಿ ಅಳಿಸಿದ್ದರೆ ಒಂದು ತುಂಡು ಕತ್ತರಿಸಿ ನೀರಿಗೆ ಹಾಕಿ: 2, 4, 5 ತೇಲುತ್ತವೆ, ಬಾಟಲಿಯ ಪೆಟ್ ಮತ್ತು ಪಿವಿಸಿ ಮುಳುಗುತ್ತವೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ. ಆ ಚೂರು ಒಮ್ಮೆ ಉದುರಿದರೆ ಮತ್ತೆ ಯಾರ ಕೈಗೂ ಸಿಗದು. ಚಿಪ್ಸ್, ಬಿಸ್ಕತ್ ಪೊಟ್ಟಣಗಳಿಗೆ ಗುಜರಿಯಲ್ಲಿ ಬೆಲೆಯಿಲ್ಲ. ಅವನ್ನು ಶುಭ್ರವಾಗಿ ಬೇರೆ ಚೀಲದಲ್ಲಿ ತುಂಬಿ ಸ್ಥಳೀಯ ಸಂಸ್ಥೆಯ ಒಣ ಕಸದ ವಾಹನಕ್ಕೆ ಕೊಡಿ.

ಕಾಗದ, ರಟ್ಟು ಇವೆರಡೇ ಮಳೆಗಾಲದಲ್ಲಿ ಕೈಕೊಡುವುದು. ಒಮ್ಮೆ ನೆಂದ ರಟ್ಟು ಬೂಷ್ಟು ಹಿಡಿದರೆ ಕೊಳ್ಳುವವರಿಲ್ಲ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆಯೋ ಅಡಿಕೆ ದಬ್ಬೆಯ ಅಟ್ಟಣಿಗೆಯೋ ಕಟ್ಟಿ, ಗೋಡೆಯಿಂದ ಒಂದು ಗೇಣು ಬಿಟ್ಟು ಪೇರಿಸಿ. ಕೆಂಪುಕಲ್ಲಿನ ಗೋಡೆ ಜುಲೈನಲ್ಲಿ ಬೆವರುತ್ತದೆ. ಟಾರ್ಪಾಲಿನ್ ಬಿಗಿಯಾಗಿ ಸುತ್ತಬೇಡಿ, ಒಳಗೇ ತೇವ ಕಟ್ಟುತ್ತದೆ, ಮೇಲಷ್ಟೇ ಹೊದಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗುಜರಿಗೆ ಕೊಡುತ್ತಿದ್ದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೊಟ್ಟುಬಿಡಿ.

ಒಡೆದ ಗಾಜನ್ನು ತಗಡಿನ ಡಬ್ಬಿಗೆ ಹಾಕಿ ಮೇಲೆ ‘ಗಾಜು’ ಎಂದು ಬರೆಯಿರಿ. ಸ್ಯಾನಿಟರಿ ಪ್ಯಾಡು, ಡೈಪರನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಹಳೆಯ ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಪಾದರಸವಿದೆ. ಇಡಿಯಾಗಿಯೇ ರಟ್ಟಿನ ಕವಚದಲ್ಲಿಡಿ. ಒಡೆದರೆ ಕಿಟಕಿ ತೆರೆದು ಹದಿನೈದು ನಿಮಿಷ ಹೊರಗಿದ್ದು, ಆಮೇಲೆ ಗಟ್ಟಿ ಕಾಗದದಿಂದ ಒಟ್ಟು ಮಾಡಿ, ಪುಡಿಯನ್ನು ಅಂಟು ಟೇಪಿನಿಂದ ತೆಗೆಯಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ.

ಹಸಿ ಕಸ: ಮೇ ತಿಂಗಳ ದರಕು ಜುಲೈಗೆ

ದಿನಕ್ಕೆ 5 ಕೆ.ಜಿ. ಹಸಿ ಕಸ ಎಂದುಕೊಳ್ಳಿ, ಸುಮಾರು 10 ಲೀಟರಿನ ಒಂದು ಬಕೆಟ್. ಇದನ್ನು ಡ್ರಮ್ಮಿನಲ್ಲಿ ಗೊಬ್ಬರ ಮಾಡಲು ಎರಡು ಬಕೆಟ್ ಒಣ ದರಕು (ಮರದಿಂದ ಉದುರಿದ ಎಲೆ) ಬೇಕು. ಜೂನ್‌ನಿಂದ ಸೆಪ್ಟೆಂಬರ್‌ಗೆ 120 ದಿನ, ಅಂದರೆ 2,400 ಲೀಟರ್. ಪುಡಿ ಮಾಡಿ ತುಂಬಿದರೆ 50 ಕೆ.ಜಿ. ಅಕ್ಕಿಚೀಲಕ್ಕೆ 80 ಲೀಟರ್ ಆಸುಪಾಸು ಹಿಡಿಯುತ್ತದೆ. ಮಳೆ ಬೀಳುವ ಮುನ್ನ ಮೂವತ್ತು ಚೀಲ ಶೆಡ್ಡಿನಲ್ಲಿರಬೇಕು. ಮೇ ತಿಂಗಳಲ್ಲಿ ಊರಿಡೀ ಗುಡಿಸಿ ಬೆಂಕಿ ಹಚ್ಚುವುದು ಇದನ್ನೇ. ಸುಡುವ ಮೊದಲು ಹೋಗಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ.

200 ಲೀಟರಿನ ಡ್ರಮ್ಮಿನ ಸುತ್ತ 15 ಸೆಂ.ಮೀ.ಗೊಂದರಂತೆ 10–12 ಮಿ.ಮೀ. ತೂತು ಕೊರೆಯಿರಿ, ತಳಕ್ಕೂ ಏಳೆಂಟು. ಎರಡು ಕೆಂಪುಕಲ್ಲಿನ ಮೇಲೆ, ಛಾವಣಿಯಡಿ ಇಡಿ. ತಳದಲ್ಲಿ 15 ಸೆಂ.ಮೀ. ತೆಂಗಿನ ಸಿಪ್ಪೆ ಚೂರು. ಮೇಲೆ ಒಂದು ಪದರ ಕಸ, ಒಂದು ಪದರ ದರಕು. ಆರಂಭಕ್ಕೆ ಸಗಣಿನೀರು ಅಥವಾ ಹುಳಿ ಮಜ್ಜಿಗೆ ಒಂದು ತಂಬಿಗೆ. ವಾರಕ್ಕೊಮ್ಮೆ ಮಗುಚಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಒಸರಬೇಕು. ಧಾರೆ ಇಳಿದರೆ ದರಕು ಸಾಲದು.

ಎರಡು ಡ್ರಮ್ ಕೊಂಡರೆ ಸಾಕು ಎನ್ನುವ ಮಾತು ಈ ಲೆಕ್ಕಕ್ಕೆ ಸರಿಹೋಗದು. ಒಂದು ಡ್ರಮ್ ಎರಡು-ಮೂರು ವಾರದಲ್ಲಿ ತುಂಬುತ್ತದೆ, ಗೊಬ್ಬರವಾಗಲು ಮತ್ತೆ ಎರಡು ಮೂರು ತಿಂಗಳು, ಮಳೆಯಲ್ಲಿ ಇನ್ನೂ ಹೆಚ್ಚು. ಐದು ಡ್ರಮ್ ಇದ್ದರೆ ಸರದಿ ನಿಲ್ಲದೆ ಸಾಗುತ್ತದೆ.

ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ ಹಸಿ ಹೆಚ್ಚಾಗಿದೆ, ದರಕು ಹಾಕಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಳಿ ಇಲ್ಲ, ಪೂರ್ತಿ ಮಗುಚಿ. ಬೂದುಬಣ್ಣದ ದಪ್ಪ ಹುಳಗಳು ಕಂಡು ಡ್ರಮ್ಮಿಗೆ ಫಿನಾಯಿಲ್ ಸುರಿದವರಿದ್ದಾರೆ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ನಿಮ್ಮದೇ ಕೆಲಸ ಮಾಡುತ್ತಿರುತ್ತವೆ, ಬಿಡಿ.

ಮೀನಿನ ಕಸ ಒಟ್ಟು ಹಸಿಯ ಐದನೇ ಒಂದು ಭಾಗ ಮೀರದಿರಲಿ. ಡ್ರಮ್ಮಿನ ನಡುವೆ ಗುಳಿ ಮಾಡಿ ಹಾಕಿ, ಮೇಲೆ 10 ಸೆಂ.ಮೀ. ದರಕು, ಬಾಯಿಗೆ ತಂತಿ ಬಲೆ. ಇಲ್ಲದಿದ್ದರೆ ಕಾಗೆ, ನಾಯಿ, ನೆರೆಯವರು ಈ ಕ್ರಮದಲ್ಲಿ ಬರುತ್ತಾರೆ. ಬಳಚಿನ (ತಿನ್ನುವ ಕಪ್ಪೆಚಿಪ್ಪಿನ) ಚಿಪ್ಪು ಗೊಬ್ಬರವಾಗುವುದಿಲ್ಲ. ಹಿಂದೆ ಸುಣ್ಣ ಸುಡುತ್ತಿದ್ದದ್ದು ಚಿಪ್ಪಿನಿಂದಲೇ. ತೊಳೆದು ಜಜ್ಜಿ ತೆಂಗಿನ ಬುಡಕ್ಕೆ ಹಾಕಿ. ಬೊಂಡದ (ಎಳನೀರಿನ) ಬುರುಡೆಯನ್ನು ನಾಲ್ಕು ಸೀಳು ಮಾಡಿ ಬೋರಲು ಹಾಕಿ ಒಣಗಿಸಿ. ಇಡಿಯಾಗಿ ಬಿಟ್ಟರೆ ಮಳೆನೀರು ನಿಂತು ಡೆಂಗೀ ಸೊಳ್ಳೆಗೆ ತೊಟ್ಟಿಲು.

ಪುಸ್ತಕ ಮತ್ತು ಕರಾರು

ಗಿರಾಕಿಯೊಂದಿಗಿನ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿ: ವಿಂಗಡಿಸದ ಕಸ ಒಯ್ಯುವುದಿಲ್ಲ, ಯಾವ ದ್ರಾವಣ ಯಾವ ನೆಲಕ್ಕೆ, ಕೊಳೆನೀರು ಚೆಲ್ಲುವ ಜಾಗ ಮನೆಯವರೇ ತೋರಿಸಬೇಕು, ಟ್ಯಾಂಕಿಗೆ ಇಳಿಯುವ ಕೆಲಸ ಇಲ್ಲ. ಗುಜರಿಯಿಂದ ಬಂದ ಹಣವನ್ನು ವಿಂಗಡಿಸಿದ ಕೆಲಸಗಾರರಿಗೇ ಹಂಚುವುದು ಒಳ್ಳೆಯದು. ಮೊತ್ತ ಚಿಕ್ಕದೇ, ಆದರೆ ಮಾಲೀಕರ ಕಿಸೆಗೆ ಹೋಗುವ ಹಣಕ್ಕಾಗಿ ಯಾರೂ ಹಾಲಿನ ಪ್ಯಾಕೆಟ್ ತೊಳೆಯುವುದಿಲ್ಲ.

ಮೊದಲ ವಾರ ಶುರು ಮಾಡಿದ ಪುಸ್ತಕವನ್ನು ತಿಂಗಳಿಗೊಂದು ವಾರ ಮುಂದುವರಿಸಿ, ನೂರು ಕೋಣೆಗೆ ಎಷ್ಟು ಲೀಟರ್ ಕಾನ್ಸಂಟ್ರೇಟ್, ಎಷ್ಟು ಕೆ.ಜಿ. ಒಣ ಕಸ ಎಂದು ಭಾಗಿಸಿ ಬರೆಯಿರಿ. ಕೋಣೆಗಳ ಸಂಖ್ಯೆ ಅಷ್ಟೇ ಇದ್ದು ದ್ರಾವಣ ಏರಿದರೆ ಕೈಪಂಪು ಬಿಟ್ಟು ಯಾರೋ ಕ್ಯಾನು ಬಗ್ಗಿಸುತ್ತಿದ್ದಾರೆ. ಜೂನ್ ಎರಡನೆಯ ವಾರದಲ್ಲಿ ರಟ್ಟಿನ ತೂಕ ಇದ್ದಕ್ಕಿದ್ದಂತೆ ಏರಿದ್ದರೆ ವ್ಯಾಪಾರ ಕುದುರಿತು ಎಂದುಕೊಳ್ಳಬೇಡಿ, ಏಣಿ ಹಾಕಿ ಶೆಡ್ಡಿನ ಛಾವಣಿ ಸೋರುತ್ತಿದೆಯೇ ನೋಡಿ.